ಊರು ಬರೆದಿಟ್ಟ ಚರಿತ್ರೆ

ನಮ್ಮ ಸೀಮೆಯ ಜನರ ಹೆಸರಿನ ಮೊದಲಿಗೆ ನಿಲ್ಲುವ ಒಂದೆರಡು ಅಕ್ಷರಗಳನ್ನು ನಾವು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ರುಜು ಮಾಡುವಾಗ ಅವುಗಳನ್ನು ಹಾಕುತ್ತೇವೆ, ಅರ್ಜಿಗಳಲ್ಲಿ ತುಂಬುತ್ತೇವೆ. ಅಷ್ಟಕ್ಕೆ ಅವುಗಳ ಕೆಲಸ ತೀರಿತೆಂದು ಭಾವಿಸುತ್ತೇವೆ. ಆದರೆ ಆ ಅಕ್ಷರಗಳಲ್ಲಿ ಮೊದಲನೆಯದು ಅನೇಕ ವೇಳೆ ಒಂದು ಊರಿನ ಹೆಸರಿನ ಶೇಷ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದುದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ಆದರೂ ಅವರ ಹೆಸರಿನ ಮುಂದೆ ನಿಂತಿರುವುದು ಅವರ ಪೂರ್ವಿಕರು ಎಂದೋ ಬಿಟ್ಟುಬಂದ ಆಂಧ್ರದೇಶದ ಮೋಕ್ಷಗುಂಡಂ ಎಂಬ ಹಳ್ಳಿ. ಒಂದು ಕುಟುಂಬದ ವಲಸೆಯ ಕಥೆಯನ್ನು ಒಂದೇ ಅಕ್ಷರದಲ್ಲಿ ಅಡಗಿಸಿಟ್ಟಿರುವ ಇಂಥ ಸಂಕ್ಷಿಪ್ತ ಚರಿತ್ರೆ ಬೇರೆ ಎಲ್ಲಿ ದೊರೆತೀತು? ಈ ಭಾಷಣವನ್ನು ಕೇಳುತ್ತಿರುವ ನಗರವಾಸಿಗಳಲ್ಲಿ ಎಷ್ಟೋ ಮಂದಿ ತಮ್ಮ ಮೊದಲಕ್ಷರದ ಊರನ್ನು ಕಣ್ಣಿನಿಂದ ಕಂಡಿರಲಾರರು. ಹಾಗೆ ಕಾಣದವರ ಪಂಕ್ತಿಯಲ್ಲಿ ನಾವೂ ಬಹುಕಾಲ ಇದ್ದೆವು.

ಹಳ್ಳಿಗೆ ಚರಿತ್ರೆಯುಂಟೆ ಎಂದು ಕೇಳುವವರುಂಟು. ಚರಿತ್ರೆಯೆಂದರೆ ಅರಸರದು, ಯುದ್ಧಗಳದು, ರಾಜಧಾನಿಗಳದು ಎಂದು ಅವರ ಎಣಿಕೆ. ಕಾಲೇಜುಗಳಲ್ಲಿ ಪಾಠ ಹೇಳುವ ನಾವೇ ಈ ಎಣಿಕೆಯನ್ನು ಬೆಳೆಸಿದವರೆಂದು ಒಪ್ಪಿಕೊಳ್ಳಬೇಕು. ಇಂಗ್ಲೆಂಡಿನ ಅರಸನಾದ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಊರೂರಿನ ಹೊಲ, ನೇಗಿಲು, ಗಿರಣಿಗಳನ್ನು ಎಣಿಸಿ ಬರೆಸಿದ ಲೆಕ್ಕದ ಪುಸ್ತಕವನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಎರಡು ಪುಟ ಬರೆಯಬಲ್ಲರು. ಅದಕ್ಕೆ 29 ವರ್ಷ ಮುಂಚೆ, ಅಂದರೆ 1057ರಲ್ಲಿ, ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನಲ್ಲಿ ಕಲ್ಲಿನ ಮೇಲೆ ಬರೆದ ದೇಕಬ್ಬೆಯ ಕಥೆಯನ್ನು ಕೇಳಿದವರು ಆ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ದೇಕಬ್ಬೆ ನುಗುನಾಡಿನ ರವಿಗನ ಮಗಳು. ಅವಳ ಗಂಡ ಏಚನು ತಲಕಾಡಿನಲ್ಲಿ ಅರಸನ ಆಜ್ಞೆಯಿಂದ ಮರಣದಂಡನೆಗೆ ಗುರಿಯಾದನು. ಸುದ್ದಿ ಬಂದ ಮೇಲೆ ಮಗಳು ಬೆಂಕಿಯನ್ನು ಹೊಗಲು ನಿಶ್ಚಯಿಸಿದಳು, ತಂದೆತಾಯಿಗಳೂ ಬಂಧುಗಳೂ ಬೇಡಿಕೊಂಡರು, ಅವಳು ಕೇಳಲಿಲ್ಲ. ಆ ಪದ್ಧತಿಯನ್ನು ಯಾರೂ ಹೊಗಳಬೇಕಾಗಿಲ್ಲ. ನಾವು ಹೇಳುವುದಿಷ್ಟೆ: ವಿಲಿಯಮನ ಪುಸ್ತಕ ಅರಸನು ತನ್ನ ಕಂದಾಯಕ್ಕಾಗಿ ಊರುಗಳನ್ನು ಬರೆಸಿದ್ದು, ಬೆಳತೂರಿನ ಕಲ್ಲು ಒಂದು ಊರು ತನ್ನ ಮನೆಮಗಳ ಮರಣವನ್ನೂ ಅವಳನ್ನು ತಡೆಯಲಾರದೆ ಹೋದ ಹೆತ್ತವರ ಸಂಕಟವನ್ನೂ ತನ್ನ ಕಣ್ಣೆದುರಿಗೆ ನಿಲ್ಲಿಸಿಕೊಂಡದ್ದು.

ಇಂಥ ಕಲ್ಲುಗಳು ನಮ್ಮಲ್ಲಿ ಅಪರೂಪವಲ್ಲ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಲೂಯಿ ರೈಸ್ ಅವರು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಸುಮಾರು 9,000 ಶಾಸನಗಳಿವೆ. ಅವುಗಳನ್ನು ರೈಸರು ರಾಜವಂಶಗಳ ಕ್ರಮದಲ್ಲಿ ಜೋಡಿಸದೆ ತಾಲ್ಲೂಕಿನ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿ ನಿಂತಿದೆಯೆಂಬುದನ್ನು ಮೊದಲು ಹೇಳಿದರು. ವಿದ್ವಾಂಸರಿಗೆ ಇದರಿಂದ ಸ್ವಲ್ಪ ತೊಂದರೆಯಾಗಿರಬಹುದು, ಊರುಗಳಿಗೆ ಮಹೋಪಕಾರವಾಯಿತು. ಸಂಪುಟವನ್ನು ತೆರೆದರೆ ಗಂಗರು, ಹೊಯ್ಸಳರು ಆಮೇಲೆ, ಊರು ಮೊದಲು.

ಈ ಶಾಸನಗಳಲ್ಲಿ ದೊಡ್ಡ ದೊಡ್ಡ ದಾನಶಾಸನಗಳನ್ನು ಬದಿಗಿಟ್ಟು ವೀರಗಲ್ಲುಗಳನ್ನು ಮಾತ್ರ ನೋಡೋಣ. ವೀರಗಲ್ಲಿನ ಶಿಲ್ಪ ಅನೇಕ ವೇಳೆ ಮೂರು ಅಂತಸ್ತುಗಳಲ್ಲಿ ಇರುತ್ತದೆ. ಕೆಳಗಡೆ ಕಾಳಗ, ಕೆಲವು ಕಡೆ ಅದರ ಪಕ್ಕದಲ್ಲಿ ದನಗಳ ಹಿಂಡು; ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು; ಮೇಲ್ಗಡೆ ಅವನು ಶಿವಸನ್ನಿಧಿಯಲ್ಲಿ ಕುಳಿತಿರುವುದು. ಈ ಅಂತಸ್ತುಗಳ ನಡುವಣ ಪಟ್ಟಿಗಳಲ್ಲಿ ಬರೆವಣಿಗೆ. ಅಕ್ಷರ ಬಲ್ಲವನು ಪಟ್ಟಿಯನ್ನು ಓದಿದನು, ಬಾರದವನು ಚಿತ್ರವನ್ನು ಓದಿದನು. ದನ ಮೇಯಿಸುವ ಹುಡುಗನಿಗೂ ಅದರಲ್ಲಿ ಪಾಲಿತ್ತು. ಊರಿನ ಚರಿತ್ರೆಯನ್ನು ಊರಿನವರೆಲ್ಲರೂ ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು, ಅಚ್ಚಿನ ಯಂತ್ರ ಬಂದ ಮೇಲೂ, ನಾವು ಕಂಡುಕೊಂಡಿದ್ದೇವೆಂದು ಹೇಳಲು ಧೈರ್ಯ ಸಾಲದು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ಬಲ್ಲವರು ಹೆಚ್ಚಿರಬಹುದು. ಅದರ ಕಾಲ 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಮಹಾಯುದ್ಧದ ಸುದ್ದಿ ಅದರಲ್ಲಿದೆ. ದಕ್ಷಿಣದೇಶದ ಚರಿತ್ರೆ ಬರೆಯುವವರು ಅದನ್ನು ಉದಾಹರಿಸುವುದು ಅದಕ್ಕಾಗಿ. ಆದರೆ ಕಲ್ಲಿನ ಮೇಲೆ ಕೆತ್ತಿದ ಚಿತ್ರ ಯುದ್ಧದ್ದಲ್ಲ; ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದಿರುವುದು. ಗಂಗ ಬೂತುಗನ ಆಳಾದ ಮಣಲೇರನ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಅವನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟನು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪವನ್ನು ಹೊರುವನೆಂದು ವಿಧಿಸಿದರು. ಎರಡು ಸಾಮ್ರಾಜ್ಯಗಳ ಹಣೆಬರಹ ತೀರ್ಮಾನವಾದ ಯುದ್ಧವೂ ಒಂದು ಬೇಟೆನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ನಿಂತುವು. ಪೂಜೆ ನಾಯಿಯ ನೆನಪಿಗೆ ಸಂದಿತು. ಆ ಕಲ್ಲನ್ನು ಈಗ ನೋಡಬೇಕಾದರೆ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಇಷ್ಟೊಂದು ಶ್ರದ್ಧೆಯಿಂದ ಊರುಗಳು ಈ ಕಲ್ಲುಗಳನ್ನು ಕಾಪಾಡಿದುದಕ್ಕೆ ಭಕ್ತಿಯೊಂದೇ ಕಾರಣವೆಂದು ಹೇಳಿದರೆ ಅದು ಕವಿಗಳ ಮಾತಾದೀತು. ಕಲ್ಲಿನ ಹಿಂದೆ ಭೂಮಿಯಿತ್ತು. ಊರಿಗಾಗಿ ಮಡಿದವನ ಮನೆಯವರಿಗೆ ಬಿಟ್ಟ ಹೊಲವನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು. ಕಲ್ನಾಡು, ಬಾಳ್ಗಳ್ಚು ಎಂಬ ಹೆಸರುಗಳೂ ಹಳೆಯ ಶಾಸನಗಳಲ್ಲಿ ಬರುತ್ತವೆ. ಹಾಗಾಗಿ ಕಲ್ಲು ಆ ಮನೆಯವರ ಹಕ್ಕುಪತ್ರವೂ ಆಗಿತ್ತು. ಮಗನು ಅದನ್ನು ಮೊಮ್ಮಗನಿಗೆ ತೋರಿಸಿದನು, ಕಥೆ ಹೇಳಿದನು, ಹೊಲದ ಎಲ್ಲೆಯನ್ನೂ ಹೇಳಿದನು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಭೂಮಾಪನ ಆರಂಭವಾಗಿ, 1866ರಲ್ಲಿ ಇನಾಂ ಕಮಿಷನ್ ನೇಮಕವಾದ ಮೇಲೆ ಹಕ್ಕು ಕಾಗದಕ್ಕೆ ಹೋಯಿತು. ಕಲ್ಲು ಕೆಲಸವಿಲ್ಲದೆ ನಿಂತಿತು. ಅದಕ್ಕೂ ಎಷ್ಟೋ ಮೊದಲೇ ಅದರ ಅಕ್ಷರಗಳು ಯಾರಿಗೂ ಓದಲು ಬಾರದಂತಾಗಿದ್ದುವು. ಓದಲು ಬಾರದ ಬರೆಹ ನಿಧಿಯ ಗುರುತಾಗಿಯೇ ಇರಬೇಕೆಂಬ ನಂಬಿಕೆ ಹುಟ್ಟಿತು. ರಾತ್ರಿಯಲ್ಲಿ ಬುಡ ಅಗೆದು ಕೆಡಹಿದ ಕಲ್ಲುಗಳಿಗೆ ಲೆಕ್ಕವಿಲ್ಲ.

ಕಲ್ಲು ಸಾವಿರ ವರ್ಷದ ಮಾತಾದರೆ, ವರ್ಷವರ್ಷದ ಮಾತಿಗೆ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯಂತೆ ಹಿಂದುಮುಂದಾಗಿ ಮಡಿಸಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದರೆ ಅಳಿಸಿ, ಮಸಿ ಬಳಿದು, ಮತ್ತೆ ಬರೆಯಬಹುದು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ರಾಶಿಯಾಗಿ ಉಳಿದು ಚರಿತ್ರಕಾರರಿಗೆ ಒದಗಿವೆ. ಹಳ್ಳಿಯಲ್ಲಿ ಇದು ಶಾನುಭೋಗನ ಆಸ್ತಿ. ಅಳಿಸಬಹುದಾದ ಪುಸ್ತಕವನ್ನು ಒಬ್ಬನೇ ಇಟ್ಟುಕೊಂಡಿದ್ದರೆ ಏನೇನಾಗಬಹುದೆಂಬುದನ್ನು ಊಹಿಸಲು ವಿಶೇಷ ಪಾಂಡಿತ್ಯ ಬೇಕಾಗಿಲ್ಲ. ಶಾನುಭೋಗರ ಬಳಪದ ಮಹಿಮೆಯನ್ನು ಕುರಿತ ಗಾದೆ ಕಥೆಗಳು ನಮ್ಮ ರೈತರ ಬಾಯಲ್ಲಿ ಸುಮ್ಮನೆ ಹುಟ್ಟಲಿಲ್ಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, 1963ರಲ್ಲಿ ಆ ಕಾಯಿದೆ ಜಾರಿಗೆ ಬಂದಿತು. ಅದು ನ್ಯಾಯವಾದದ್ದೇ. ಆದರೆ ಮನೆಗಳ ಅಟ್ಟದ ಮೇಲೆ ಉಳಿದ ಕಡತಗಳನ್ನೂ ಕಾಗದದ ಕಟ್ಟುಗಳನ್ನೂ ಯಾರು ಇಳಿಸಬೇಕೆಂಬ ಯೋಚನೆ ಬಹಳ ಕಡೆ ಯಾರಿಗೂ ಬರಲಿಲ್ಲ, ಗೆದ್ದಲುಗಳಿಗೆ ಬಂದಿತು.

ಹೆಳವರ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೊಗಳಿ ಹೇಳಿ, ಕಾಳು ಬಟ್ಟೆಗಳನ್ನು ಪಡೆದು ಹೋಗುವ ಈ ಜನ, ಹಳ್ಳಿಯ ಕುಟುಂಬಗಳಿಗೆ ನಡೆದಾಡುವ ವಂಶಾವಳಿ. ಮೂಲಪುರುಷನು ಯಾವ ಊರಿನಿಂದ ಬಂದ, ಯಾವ ಬರಗಾಲದಲ್ಲಿ ಬಂದ, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೆಲ್ಲ ಅವರ ಬಾಯಲ್ಲಿಯೂ ಪುಸ್ತಕಗಳಲ್ಲಿಯೂ ಇದೆ. ಹೊಸದಾಗಿ ಹುಟ್ಟಿದ ಮಗನ ಹೆಸರನ್ನು ಆ ವರ್ಷವೇ ಕೇಳಿ ಸೇರಿಸಿಕೊಳ್ಳುವರು. ನಮ್ಮ ವಿದ್ಯಾವಂತರು ಇವರನ್ನು ಭಿಕ್ಷುಕರೆಂದು ಎಣಿಸಿ ಮುಂದಿನ ಬಾಗಿಲಿಗೆ ಕಳುಹಿಸುವುದುಂಟು.

ಊರುಗಳು ತಮ್ಮ ಚರಿತ್ರೆಯನ್ನು ಕಾಗದದ ಮೇಲೆ ಒಮ್ಮೆಗೇ ಬರೆದುಕೊಟ್ಟ ಸಂದರ್ಭವೂ ಒಂದುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನಿಯಮಿತನಾದ ಕರ್ನಲ್ ಕಾಲಿನ್ ಮೆಕೆಂಜಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಸರಪಣಿ ಹಿಡಿದು ನೆಲವನ್ನು ಅಳೆಯುವುದರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಕಾವಲಿ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರನ್ನು ಊರೂರಿಗೆ ಕಳುಹಿಸಿ, ಊರು ಯಾವಾಗ ಕಟ್ಟಿತು, ಯಾರು ಆಳಿದರು, ಯಾವ ದೇವರು, ಯಾವ ಮಾನ್ಯಗಳು ಎಂದು ಕೇಳಿ ಬರೆಯಿಸಿದನು. ಹೀಗೆ ಹುಟ್ಟಿದುವು ಕೈಫಿಯತ್ತುಗಳು. ಮಲೆಯೂರಿನ ಜೈನಪಂಡಿತ ಧರ್ಮಯ್ಯನು ಹಳೆಯ ಅಕ್ಷರಗಳನ್ನು ಅವನಿಗೆ ಓದಿ ಹೇಳುತ್ತಿದ್ದನು. ಅದೇ ಊರಿನ ದೇವಚಂದ್ರನು ಮೆಕೆಂಜಿಯನ್ನು ಕಂಡವನು. ಮುಂದೆ ಅವನು ಬರೆದ ‘ರಾಜಾವಳೀ ಕಥೆ’ಯನ್ನು ನಮ್ಮ ಸಾಹಿತ್ಯಚರಿತ್ರೆಗಳು ಇಂದಿಗೂ ಆಶ್ರಯಿಸುತ್ತವೆ. ಊರಿನವರಿಗಾದರೋ ಈ ಪ್ರಶ್ನೆಗಳೆಂದರೆ ಅನುಮಾನ. ಹೊಸ ದೊರೆಗಳ ಕಡೆಯವರು ಮಾನ್ಯದ ಹೊಲಗಳನ್ನು ಕುರಿತು ಕೇಳಿದರೆ, ಕಂದಾಯವನ್ನಲ್ಲದೆ ಬೇರೇನನ್ನು ಯೋಚಿಸಬೇಕು? ಆದುದರಿಂದ ಕೈಫಿಯತ್ತುಗಳನ್ನು ಓದುವಾಗ, ಊರು ಹೇಳಿದುದನ್ನು ಮಾತ್ರವಲ್ಲದೆ, ಹೇಳದೆ ಬಿಟ್ಟುದನ್ನೂ ನೆನೆಯಬೇಕು.

ಮೆಕೆಂಜಿ 1821ರಲ್ಲಿ ತೀರಿಕೊಂಡನು. ಅವನ ಸಂಗ್ರಹವನ್ನು ಕಂಪೆನಿಯವರು ಅವನ ವಿಧವೆಯಿಂದ 10,000 ಪೌಂಡು ಕೊಟ್ಟು ಕೊಂಡರು. ಕೆಲವು ಭಾಗ ಲಂಡನ್ನಿಗೆ, ಕೆಲವು ಭಾಗ ಮದರಾಸಿಗೆ ಸೇರಿತು. ಕನ್ನಡದ ಕೈಫಿಯತ್ತುಗಳು ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಹೊರಟದ್ದು 1994ರಲ್ಲಿ. ಬರೆದುಕೊಟ್ಟವರಿಗೂ ಅಚ್ಚಿನಲ್ಲಿ ಓದಿದವರಿಗೂ ನಡುವೆ ಸುಮಾರು ಎರಡು ಶತಮಾನ. ಮೆಕೆಂಜಿಯನ್ನು ನಾವು ದೂಷಿಸುತ್ತಿಲ್ಲ. ಅವನು ಕೂಡಿಹಾಕದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. ಆದರೆ ಊರಿನ ಬಾಯಿಂದ ಬಂದ ಮಾತು ಊರಿಗೆ ಹಿಂದಿರುಗದೆ ಹೋಗುವ ಸಂಪ್ರದಾಯಕ್ಕೆ ಅಲ್ಲಿಯೇ ಅಂಕುರವಾಯಿತೆಂದು ತೋರುತ್ತದೆ. ಆ ಸಂಪ್ರದಾಯದಲ್ಲಿ ನಾವೂ ನಡೆದವರಾದ್ದರಿಂದ ಇದನ್ನು ಹೇಳಲು ನಮಗೆ ಅಧಿಕಾರವುಂಟು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಸಣ್ಣ ಊರಿಗೆ ಹೋಗಿದ್ದೆವು. ಕೆರೆಯ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲು ಅರ್ಧ ಹೂತು ನಿಂತಿತ್ತು. ಊರಿನವರು ಅದನ್ನು ವೀರಪ್ಪನೆಂದು ಕರೆದು ಹಬ್ಬದ ದಿವಸ ದೀಪ ಹಚ್ಚುತ್ತಿದ್ದರು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಅಕ್ಷರದ ಗುಳಿಗಳೊಳಕ್ಕೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚನ್ನು ತೆಗೆದೆವು. ಆ ಹೊತ್ತಿಗೆ ಊರೇ ಸುತ್ತ ನೆರೆದಿತ್ತು. ಮುದುಕಿಯೊಬ್ಬರು ತಾವಾಗಿಯೇ ಕಥೆ ಹೇಳಿದರು: ಪಕ್ಕದ ಊರಿನವರು ದನಗಳನ್ನು ಹೊಡೆದುಕೊಂಡು ಹೋದರು, ಈತ ಅಟ್ಟಿ ಹೋಗಿ ಬಿಡಿಸಿ ತಂದು ಪ್ರಾಣ ಬಿಟ್ಟ, ಆಗ ಮನೆಯಲ್ಲಿ ಹೆಂಡತಿ ಬಸುರಿ, ಹುಟ್ಟಿದ ಗಂಡುಕೂಸಿಗೆ ಊರವರು ಹೊಲ ಕೊಟ್ಟರು. ನಾವು ಶಾಸನವನ್ನು ಓದಿದೆವು. ತುರುಗಳನ್ನು ಮರಳಿಸಿ ಸತ್ತ ಸಂಗತಿ ಅದರಲ್ಲಿತ್ತು, ಕೂಸಿನ ಮಾತಿರಲಿಲ್ಲ. “ಅಜ್ಜಿ, ಕೂಸಿನ ಕಥೆ ಆಮೇಲೆ ಸೇರಿದ್ದು, ಕಲ್ಲಿನಲ್ಲಿ ಇಲ್ಲ” ಎಂದು ವಿದ್ಯಾರ್ಥಿಗಳ ಮುಂದೆ ತಿದ್ದಿದೆವು. ಅವರು “ಇರಬೈದು ಸ್ವಾಮಿ, ನೀವು ಓದ್ದೋರು” ಎಂದು ಸುಮ್ಮನಾದರು.

ಪಡಿಯಚ್ಚನ್ನು ಸುತ್ತಿಕೊಂಡು ಬಂದೆವು. ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದೆವು. ಅದು ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪ್ರಾಯಶಃ ಹತ್ತಾರು ಮಂದಿ ಓದಿದರು. ಊರಿಗೆ ಒಂದು ಪ್ರತಿಯನ್ನು ಕಳುಹಿಸಬೇಕೆಂದು ನಮಗೆ ತೋಚಲಿಲ್ಲ. ಮೂರು ವರ್ಷದ ಮೇಲೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದರೆ ಏರಿಯ ಪಕ್ಕದಲ್ಲಿ ಕಲ್ಲಿಲ್ಲ. ರಸ್ತೆ ಅಗಲ ಮಾಡುವಾಗ ಕಿತ್ತು, ಎರಡಾಗಿ ಒಡೆದು, ಮೋರಿಗೆ ಚಪ್ಪಡಿ ಹಾಸಿದ್ದರು. “ನೀವಾದರೂ ತಡೆಯಬಾರದಾಗಿತ್ತೆ, ಯಜಮಾನರೇ?” ಎಂದು ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆವು. ಅವರು ದೂರುವ ದನಿಯಲ್ಲಿ ಹೇಳಲಿಲ್ಲ, ನಮಗೆ ತಿಳಿದಿರಬೇಕಾದ ಸಂಗತಿಯನ್ನು ನೆನಪು ಮಾಡಿಕೊಡುವವರಂತೆ ಹೇಳಿದರು: “ಅದರಾಗೇನಿತ್ತೋ ಅದನ್ನ ನೀವೇ ಕಾಗದಕ್ಕೆ ತಕ್ಕೊಂಡು ಹೋದ್ರಲ್ಲ ಸ್ವಾಮಿ. ಬರೀ ಕಲ್ಲು ಉಳಿದಿತ್ತು.”

ನಾವು ಮೋರಿಯ ಬಳಿ ಕುಳಿತು ಚಪ್ಪಡಿಯ ಮಣ್ಣನ್ನು ಒರೆಸಿದೆವು. ಕಲ್ಲನ್ನು ಕಿತ್ತುದರಿಂದ, ನಾವು ಅಂದು ಅಗೆಯದೆ ಬಿಟ್ಟಿದ್ದ ಬುಡದ ಭಾಗವೂ ಹೊರಬಿದ್ದಿತ್ತು. ಅದರಲ್ಲಿ ಎರಡು ಸಾಲು. ಸವೆದ ಅಕ್ಷರಗಳನ್ನು ಬೆರಳಿನಿಂದ ತಡವಿ ಓದಿದೆವು. ಸತ್ತವನ ಮಗನಿಗೆ ಊರವರು ಕೆರೆಯ ಕೆಳಗೆ ಗದ್ದೆ ಬಿಟ್ಟ ಮಾತು ಅಲ್ಲಿತ್ತು. ಅಜ್ಜಿಗೆ ಹೇಳೋಣವೆಂದು ವಿಚಾರಿಸಿದೆವು. ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇದರಿಂದ ಊರಿನ ನೆನಪು ಎಂದಿಗೂ ತಪ್ಪುವುದಿಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಹಳ್ಳಿಗಳಲ್ಲಿ ಒಳ್ಳೆಯ ಕೆತ್ತನೆಯ ಗುಡಿಯೆಲ್ಲ ಜಕಣಾಚಾರಿಯದು. ಗುಹೆಗಳೆಲ್ಲ ಪಾಂಡವರು ವನವಾಸದಲ್ಲಿ ತಂಗಿದ್ದವು. ಕೊಪ್ಪಳ ಸೀಮೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಕಬ್ಬಿಣವನ್ನು ಬಳಸಲು ಕಲಿತ ಪ್ರಾಚೀನ ಜನ ಸತ್ತವರಿಗಾಗಿ ಚಪ್ಪಡಿಗಳಿಂದ ಕಟ್ಟಿದವು. ಅದನ್ನು ಸುತ್ತಲಿನವರು ಮೋರ್ಯರ ಗುಡ್ಡವೆನ್ನುತ್ತಾರೆ. ಕುಳ್ಳರಾದ ಮೋರ್ಯರೆಂಬ ಜನ ಆ ಕಲ್ಲುಮನೆಗಳಲ್ಲಿ ಬಾಳಿದರೆಂದು ಕಥೆ. ಇಂಥಲ್ಲಿ ವಿದ್ವಾಂಸನ ಮಾತು ಬೇಕು. ಊರಿನ ದಾಖಲೆಯಲ್ಲಿ ಇನ್ನೊಂದು ಕೊರತೆಯೂ ಉಂಟು. ಕಲ್ಲು ನಿಲ್ಲಿಸುವುದಕ್ಕೆ ಖರ್ಚಿದೆ. ಕೆರೆಯ ಏರಿಗೆ ಮಣ್ಣು ಹೊತ್ತವರ ಹೆಸರುಗಳಿಗಿಂತ ಕೆರೆ ಕಟ್ಟಿಸಿದವನ ಹೆಸರು ಉಳಿಯುವುದು ಸುಲಭ. ಊರ ಹೊರಗಿನ ಕೇರಿಯವರು ತಮ್ಮ ಚರಿತ್ರೆಯನ್ನು ಹಾಡಿನಲ್ಲಿಯೂ ದೇವರ ಹರಕೆಯಲ್ಲಿಯೂ ಇಟ್ಟುಕೊಂಡಿದ್ದಾರೆ. ಅದನ್ನು ಕೇಳಿ ಬರೆದುಕೊಳ್ಳದೆ ಊರಿನ ಚರಿತ್ರೆ ಬರೆದೆವೆನ್ನುವುದು ಅರ್ಧ ಊರಿನ ಚರಿತ್ರೆ.

ಕೊಂಡುಹೋದುದನ್ನು ಹಿಂದಿರುಗಿಸುವ ಕೆಲಸ ಕೆಲವು ಕಡೆ ಆರಂಭವಾಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ನೆಯ ಇಸವಿಯದು, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದ ಮೇಲೆ ಕನ್ನಡಿಗರಿಗೆಲ್ಲ ಆ ಊರಿನ ಹೆಸರು ತಿಳಿಯಿತು. ಮೂಲಶಿಲೆ ಮೈಸೂರಿಗೆ ಸಾಗಿತು. ಊರಿನಲ್ಲಿ ಈಗ ಒಂದು ಮಂಟಪ ಕಟ್ಟಿ ಅದರಲ್ಲಿ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಸುಮಾರು 750ನೆಯ ಇಸವಿಯ ವೀರಗಲ್ಲೊಂದು ಹೊರಬಂದಿತು. ಗಂಗ ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದ ಕಿತ್ತಯ್ಯನೆಂಬವನ ಕಲ್ಲು ಅದು. ಹೆಬ್ಬಾಳದ ಹಳೆಯ ಹೆಸರು ಪೆರ್ಬ್ಬೊಳಲ್ ಎಂದು ಅದರಿಂದ ತಿಳಿಯಿತು. ಸ್ಥಳೀಯರೂ ಆಸಕ್ತರೂ ಸೇರಿ ಅದನ್ನು ಅಲ್ಲಿಯೇ ಉಳಿಸಿಕೊಂಡು ಮಂಟಪ ಕಟ್ಟಿದರು. ಸಾಲುಮನೆಗಳ ನಡುವೆ ಕಳೆದುಹೋಗಿದ್ದ ಹಳ್ಳಿಗೆ ಹೆಸರು ಮರಳಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಸುತ್ತಣ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಬೆಳಕಿನ ಯಂತ್ರದಿಂದ ಅವುಗಳ ಉಬ್ಬುತಗ್ಗುಗಳನ್ನೂ ಬಿಡದೆ ಗ್ರಹಿಸಿ ಎಲ್ಲರೂ ನೋಡುವಂತೆ ಇಡುತ್ತಿದ್ದಾರೆ.

ನಮ್ಮ ಪಾಲಿನ ಋಣವೊಂದಿತ್ತು. ಆ ಸಣ್ಣ ಊರಿನ ಶಾಸನವನ್ನು, ಬುಡದ ಎರಡು ಸಾಲುಗಳ ಸಮೇತ, ಇಂದಿನ ಕನ್ನಡದಲ್ಲಿ ಬರೆದೆವು. ಪಂಚಾಯಿತಿಯವರು ಮೋರಿಯ ಚಪ್ಪಡಿಗಳನ್ನು ತೆಗೆಸಿ ಶಾಲೆಯ ಅಂಗಳದಲ್ಲಿ ಒಂದಕ್ಕೊಂದು ಜೋಡಿಸಿ ನಿಲ್ಲಿಸಿದರು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅದರ ಪಾಠ. ಹಬ್ಬದ ದಿವಸ ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿದಳು. ನಾವು ಹಿಂದೆ ಕುಳಿತಿದ್ದೆವು. ಗದ್ದೆಯ ಮಾತು ಬಂದಾಗ ಇಬ್ಬರು ರೈತರಲ್ಲಿ ಅದು ಯಾವ ಗದ್ದೆಯೆಂದು ಸಣ್ಣ ಜಗಳವಾಯಿತು. ದನಗಳು ಎಷ್ಟು ಮರಳಿದುವೆಂದು ಯಾರೋ ಕೇಳಿದರು, ಕಲ್ಲು ಹೇಳಿರಲಿಲ್ಲ. ಓದು ಮುಗಿದು ಪ್ರಸಾದ ಹಂಚುತ್ತಿರುವಾಗ, ಪಕ್ಕದ ಊರಿನಿಂದ, ಅಂದರೆ ದನ ಹೊಡೆದವರ ಊರಿನಿಂದ, ಹಬ್ಬಕ್ಕೆ ಬಂದಿದ್ದ ವೃದ್ಧರೊಬ್ಬರು ನಮ್ಮ ಬಳಿಗೆ ಬಂದು ಕೈಮುಗಿದು, “ನಮ್ಮ ಮಾರಿಗುಡಿ ಹಿಂದೇನೂ ಇಂಥದೇ ಕಲ್ಲೊಂದೈತೆ ಸ್ವಾಮಿ. ಬಂದು ಓದಿ ಹೇಳಿ. ಮೊದಲು ದನ ಹೊಡೆದೋರು ಯಾರು ಅಂತ ಅದರಾಗೆ ಬರ್ದಿದ್ರೆ ನೋಡಾನ” ಎಂದರು.